ಪಿಕಪ್‌ನ ಹಿಂದಿನ ಬ್ರೇಕ್ ಶೂ: ಮನೆಯಂಗಳದ ರಿಪೇರಿ

ಪಿಕಪ್ ಗಾಡಿಯ ಹಿಂದಿನ ಚಕ್ರ ಬಿಚ್ಚಿದರೆ ಮೊದಲು ಕಾಣುವುದು ತುಕ್ಕು ಹಿಡಿದ ಒಂದು ದುಂಡನೆಯ ಡಬ್ಬಿ. ಇದೇ ಬ್ರೇಕ್ ಡ್ರಮ್. ಎರಕದ ಕಬ್ಬಿಣದ ಈ ಡ್ರಮ್ ಚಕ್ರದ ಜೊತೆಗೇ ತಿರುಗುತ್ತದೆ. ಅದರೊಳಗೆ ಕಮಾನಿನಂತೆ ಬಾಗಿದ ಎರಡು ಶೂಗಳು ತಿರುಗದೆ ನಿಂತಿರುತ್ತವೆ. ಪೆಡಲ್ ತುಳಿದಾಗ ಬ್ರೇಕ್ ಆಯಿಲ್‌ನ ಒತ್ತಡ ವೀಲ್ ಸಿಲಿಂಡರ್‌ಗೆ ಮುಟ್ಟಿ, ಅದರ ಎರಡು ಪಿಸ್ಟನ್‌ಗಳು ಶೂಗಳನ್ನು ಹೊರಕ್ಕೆ ತಳ್ಳುತ್ತವೆ. ಶೂಗೆ ಅಂಟಿಸಿದ ಲೈನರ್ ಡ್ರಮ್‌ನ ಒಳಮೈಗೆ ಉಜ್ಜಿ ಗಾಡಿ ನಿಲ್ಲುತ್ತದೆ. ಉಜ್ಜುವ ವಸ್ತು ಸವೆಯಲೇಬೇಕು. ಸವೆದ ಶೂ ತೆಗೆದು ಹೊಸದು ಕೂರಿಸುವುದೇ ಈ ಲೇಖನದ ವಿಷಯ.

ಮುಂದಿನ ಡಿಸ್ಕ್ ಬ್ರೇಕ್‌ನ ಪ್ಯಾಡ್ ಎಷ್ಟು ಉಳಿದಿದೆ ಎಂಬುದನ್ನು ಚಕ್ರದ ಸಂದಿಯಿಂದ ಟಾರ್ಚ್ ಬಿಟ್ಟು ನೋಡಬಹುದು. ಡ್ರಮ್‌ನಲ್ಲಿ ಹಾಗಲ್ಲ. ಲೈನರ್ ಸವೆತ, ಸಿಲಿಂಡರ್ ಸೋರಿಕೆ, ಸ್ಪ್ರಿಂಗಿನ ಬಿರುಕು ಎಲ್ಲವೂ ಮುಚ್ಚಿದ ಡಬ್ಬಿಯೊಳಗೇ ನಡೆಯುತ್ತವೆ, ಹೊರಗೆ ಸುಳಿವು ಸಿಗುವುದು ತಡವಾಗಿ. ಹಾಗಾಗಿ ಶೂ ಬದಲಾಯಿಸುವುದಕ್ಕೆ ಡ್ರಮ್ ತೆಗೆದ ಆ ಒಂದು ಗಂಟೆ, ವರ್ಷಗಟ್ಟಲೆ ಯಾರೂ ನೋಡದ ಭಾಗವನ್ನು ಕೂಲಂಕಷವಾಗಿ ನೋಡುವ ಗಂಟೆಯೂ ಹೌದು. ಹೊಸ ಶೂ ಕೂರಿಸುವುದು ಕೈಚಳಕದ ಕೆಲಸ. ಹಳೆಯದು ಏಕೆ ಹೀಗೆ ಸವೆಯಿತು ಎಂದು ಓದುವುದು ಅದಕ್ಕಿಂತ ದೊಡ್ಡ ಕೆಲಸ.

ಡ್ರಮ್ ಬಂದ ದಾರಿ

ಫ್ರಾನ್ಸಿನ ಲೂಯಿ ರೆನೋ 1902ರಲ್ಲಿ ಡ್ರಮ್ ಬ್ರೇಕಿಗೆ ಪೇಟೆಂಟ್ ಪಡೆದರು. ಆಗ ಶೂಗಳನ್ನು ಎಳೆಯುತ್ತಿದ್ದುದು ಸರಳು, ಕೇಬಲ್ಲುಗಳು. ಉಜ್ಜುವ ವಸ್ತುವಿನ ಕಥೆ ಅದಕ್ಕೂ ಹಿಂದಿನದು: ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್ 1897ರಲ್ಲಿ ಫೆರೋಡೊ ಕಂಪನಿ ಶುರು ಮಾಡಿ ಬ್ರೇಕ್ ಲೈನಿಂಗನ್ನು ಒಂದು ಉದ್ಯಮವಾಗಿಸಿದರು. ಅಮೆರಿಕದಲ್ಲಿ 1921ರ ಡ್ಯೂಸೆನ್‌ಬರ್ಗ್ ಕಾರು ನಾಲ್ಕೂ ಚಕ್ರಗಳಿಗೆ ಹೈಡ್ರಾಲಿಕ್ ಬ್ರೇಕ್ ತಂದಿತು. ಅದರ ಹಿಂದಿದ್ದವರು ಮಾಲ್ಕಂ ಲಾಕ್‌ಹೀಡ್. ಅದೇ ದಶಕದಲ್ಲಿ ವಿನ್ಸೆಂಟ್ ಬೆಂಡಿಕ್ಸ್ ಫ್ರಾನ್ಸಿನಲ್ಲಿದ್ದ ಆನ್ರಿ ಪೆರೋ ಅವರ ಬ್ರೇಕ್ ವಿನ್ಯಾಸದ ಹಕ್ಕು ತೆಗೆದುಕೊಂಡು, ಅಮೆರಿಕದ ಪಿಕಪ್‌ಗಳಲ್ಲಿ ಬಹುಕಾಲ ಬಾಳಿದ 'ಡ್ಯುಯೊ ಸರ್ವೊ' ಮಾದರಿಯನ್ನು ಬೆಳೆಸಿದರು.

ಡ್ರಮ್ಮಿನ ನಿಜವಾದ ಜಾಣ್ಮೆ ಇರುವುದು ಬೆಣೆಯ ತತ್ವದಲ್ಲಿ. ಬಾಗಿಲ ಕೆಳಗೆ ಸಿಕ್ಕಿಸಿದ ಬೆಣೆ ಬಾಗಿಲನ್ನು ತಳ್ಳಿದಷ್ಟೂ ಬಿಗಿಯಾಗುತ್ತದೆ. ಹಾಗೆಯೇ ತಿರುಗುತ್ತಿರುವ ಡ್ರಮ್ ತನಗೆ ತಗುಲಿದ ಮುಂದಿನ ಶೂವನ್ನು ತನ್ನ ಜೊತೆಗೇ ಎಳೆದುಕೊಂಡು, ಇನ್ನಷ್ಟು ಬಲವಾಗಿ ತನ್ನ ಮೈಗೇ ಒತ್ತಿಕೊಳ್ಳುತ್ತದೆ. ಡ್ಯುಯೊ ಸರ್ವೊದಲ್ಲಿ ಮುಂದಿನ ಶೂ ತನ್ನ ಒತ್ತಡವನ್ನು ತಳದಲ್ಲಿರುವ, ಶೂ ಮತ್ತು ಡ್ರಮ್ಮಿನ ಅಂತರ ಹೊಂದಿಸುವ ಅಡ್ಜಸ್ಟರ್ ಮೂಲಕ ಹಿಂದಿನ ಶೂಗೂ ದಾಟಿಸುತ್ತದೆ. ಹೀಗಾಗಿ ಹೆಚ್ಚು ದುಡಿಯುವುದು ಹಿಂದಿನ ಶೂ, ಅದಕ್ಕೇ ಅದರ ಲೈನರ್ ಉದ್ದ, ಮುಂದಿನದಕ್ಕೆ ಗಿಡ್ಡ. ಇವೆರಡನ್ನು ಅದಲುಬದಲು ಮಾಡಿ ಕೂರಿಸುವುದು ಮನೆಯಲ್ಲಿ ಈ ಕೆಲಸ ಮಾಡುವವರು ಎಡವುವ ಮೊದಲ ಜಾಗ. ಕಮಾನಿನ ಗಾತ್ರ ಒಂದೇ ಇರುವುದರಿಂದ ತಪ್ಪಾಗಿಯೂ ಸರಾಗವಾಗಿ ಕೂತುಬಿಡುತ್ತವೆ. ಬ್ರೇಕ್ ಮಾತ್ರ ಸರಿಯಾಗಿ ಹಿಡಿಯುವುದಿಲ್ಲ.

ಡ್ರಮ್ಮಿಗೆ ಒಂದು ಹುಟ್ಟುದೋಷವೂ ಇದೆ. ಕಾದ ಕಬ್ಬಿಣ ಹಿಗ್ಗುತ್ತದೆ. ಡ್ರಮ್ ಹಿಗ್ಗಿದರೆ ಶೂನಿಂದ ದೂರ ಸರಿಯುತ್ತದೆ, ಪೆಡಲ್ ಕೆಳಗಿಳಿಯುತ್ತದೆ. ಒಳಗಿನ ಬಿಸಿ ಹೊರಹೋಗಲು ಡಿಸ್ಕಿನಷ್ಟು ತೆರೆದ ಜಾಗವೂ ಇಲ್ಲ. ಇಷ್ಟಾದರೂ ಪಿಕಪ್‌ಗಳ ಹಿಂದಿನ ಚಕ್ರದಲ್ಲಿ ಡ್ರಮ್ ಉಳಿದದ್ದಕ್ಕೆ ಗಟ್ಟಿ ಕಾರಣಗಳಿವೆ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲುವುದರಿಂದ ಹೆಚ್ಚಿನ ಕೆಲಸ ಮುಂದಿನ ಚಕ್ರಗಳದ್ದು. ಹ್ಯಾಂಡ್ ಬ್ರೇಕನ್ನು ಅದೇ ಶೂಗಳಿಗೆ ಒಂದು ಲಿವರ್ ಜೋಡಿಸಿ ಅಗ್ಗದಲ್ಲಿ ಮುಗಿಸಬಹುದು. ಕೆಸರು, ಜಲ್ಲಿ ಒಳಗೆ ನುಗ್ಗುವುದು ಕಡಿಮೆ. ಜನರಲ್ ಮೋಟರ್ಸ್ ತನ್ನ ಷೆವರ್ಲೆ ಸಿಲ್ವರಾಡೊ 1500 ಪಿಕಪ್‌ಗೆ 1999ರಲ್ಲಿ ನಾಲ್ಕೂ ಕಡೆ ಡಿಸ್ಕ್ ಕೊಟ್ಟು, 2005ರಲ್ಲಿ ಹಿಂದಕ್ಕೆ ಮತ್ತೆ ಡ್ರಮ್ ತಂದದ್ದು ಗಮನಿಸಬೇಕಾದ ಸಂಗತಿ. ಟೊಯೋಟಾ ಟಕೋಮಾ 2023ರ ಮಾದರಿಯವರೆಗೂ ಹಿಂದೆ ಡ್ರಮ್ ಇಟ್ಟುಕೊಂಡಿತ್ತು. ಫೋಕ್ಸ್‌ವ್ಯಾಗನ್ ತನ್ನ ಐಡಿ.4 ವಿದ್ಯುತ್ ಕಾರಿನ ಹಿಂದೆ ಡ್ರಮ್ಮನ್ನೇ ಆರಿಸಿಕೊಂಡಿದೆ. ಮೋಟರ್ ಬಲದಿಂದಲೇ ಬಹುಪಾಲು ವೇಗ ತಗ್ಗುವ ಗಾಡಿಯಲ್ಲಿ ಬ್ರೇಕಿಗೆ ಕೆಲಸ ಕಡಿಮೆ, ಆದ್ದರಿಂದ ಒಳಮೈಗೆ ತುಕ್ಕು ಹಿಡಿಯುವುದು ಕಡಿಮೆಯಿರುವ ಮುಚ್ಚಿದ ಡಬ್ಬಿಯೇ ಲೇಸು.

ಅಮೆರಿಕದ ಮನೆಯಂಗಳ

ಬ್ರೇಕ್ ಕೆಲಸವನ್ನು ಮನೆಯಲ್ಲೇ ಮಾಡಿಕೊಳ್ಳುವ ರೂಢಿ ಬಲವಾಗಿ ಬೇರೂರಿರುವುದು ಅಮೆರಿಕದಲ್ಲಿ. ಮನೆಗೊಂದು ಗ್ಯಾರೇಜು, ಅದರ ಮುಂದೆ ಸಿಮೆಂಟಿನ ಸಮತಟ್ಟು ಅಂಗಳ, ಕೂಲಿ ದುಬಾರಿ; ಈ ಮೂರೂ ಸೇರಿ ಶನಿವಾರದ ಮೆಕ್ಯಾನಿಕ್‌ಗಳನ್ನು ಹುಟ್ಟಿಸಿವೆ. ಅಲ್ಲಿನ ಬಿಡಿಭಾಗದ ದೊಡ್ಡ ಅಂಗಡಿಗಳು ಬ್ರೇಕ್ ಸ್ಪ್ರಿಂಗ್ ಪ್ಲೈಯರ್‌ನಂಥ ವಿಶೇಷ ಸಾಮಾನನ್ನು ಠೇವಣಿ ಇಟ್ಟುಕೊಂಡು ಎರವಲು ಕೊಡುತ್ತವೆ. ಓದಿಕೊಂಡು ಮಾಡುವ ಪರಂಪರೆಯೂ ಹಳೆಯದು. ಇಂಗ್ಲೆಂಡಿನ ಜಾನ್ ಹೇನ್ಸ್ 1966ರಲ್ಲಿ ಆಸ್ಟಿನ್ ಹೀಲಿ ಸ್ಪ್ರೈಟ್ ಕಾರಿಗಾಗಿ ತಂದ ಕೈಪಿಡಿಯಿಂದ ಶುರುವಾದ ಮಾಲೆ, ಗಾಡಿಯನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸುತ್ತಾ ತೆಗೆದ ಚಿತ್ರಗಳಿಂದ ಹೆಸರಾಯಿತು.

ಇಲ್ಲಿ ಮಾದರಿಯಾಗಿ 2005ರಿಂದ 2015ರವರೆಗೆ ಬಂದ ಎರಡನೇ ಪೀಳಿಗೆಯ ಟಕೋಮಾವನ್ನು ಇಟ್ಟುಕೊಳ್ಳಬಹುದು. ಆರು ನಟ್‌ಗಳ ಮಾದರಿಯಲ್ಲಿ ಅದರ ಡ್ರಮ್‌ನ ಒಳವ್ಯಾಸ ಹೊಸದಾಗಿದ್ದಾಗ 254 ಮಿ.ಮೀ. ಸವೆದು 256 ಮಿ.ಮೀ. ಮುಟ್ಟಿದರೆ ಡ್ರಮ್ಮಿನ ಆಯುಸ್ಸು ಮುಗಿಯಿತು. ಲೈನರ್ ದಪ್ಪ 1 ಮಿ.ಮೀ.ಗೆ ಇಳಿಯುವ ಮುಂಚೆಯೇ ಶೂ ಬದಲಾಗಬೇಕು. ಹಗುರ ಬಳಕೆಯಲ್ಲಿ ಹಿಂದಿನ ಶೂ ಒಂದು ಲಕ್ಷ ಕಿಲೋಮೀಟರ್ ದಾಟುವುದೂ ಉಂಟು. ಆ ದೀರ್ಘಾಯುಷ್ಯವೇ ಅದನ್ನು ಮರೆತುಬಿಡಲು ಕಾರಣವಾಗುತ್ತದೆ.

ಡ್ರಮ್ ತೆಗೆಯುವ ಹೊತ್ತು

ಹಿಂದಿನ ಬ್ರೇಕ್ ಕೆಲಸಕ್ಕೆ ಒಂದು ವಿಶೇಷ ಅಪಾಯವಿದೆ. ಗಾಡಿ ಉರುಳದಂತೆ ಸಾಮಾನ್ಯವಾಗಿ ನೆಚ್ಚುವ ಹ್ಯಾಂಡ್ ಬ್ರೇಕ್ ಇರುವುದು ಇದೇ ಡ್ರಮ್ಮಿನಲ್ಲಿ, ಅದನ್ನು ಬಿಡದೆ ಡ್ರಮ್ ಈಚೆಗೆ ಬರುವುದಿಲ್ಲ. ಹಾಗಾಗಿ ಮುಂದಿನ ಚಕ್ರಗಳಿಗೆ ಹಿಂದೆಮುಂದೆ ಗಟ್ಟಿಯಾಗಿ ಅಡ್ಡ ಕೊಟ್ಟ ಮೇಲೆಯೇ ಜಾಕ್ ಎತ್ತಬೇಕು. ಎತ್ತಿದ ಮೇಲೆ ಆಕ್ಸಲ್ ಕೆಳಗೆ ಎರಡೂ ಬದಿ ಸ್ಟ್ಯಾಂಡ್ ಇರಬೇಕು. ಜಾಕ್ ಇರುವುದು ಎತ್ತಲಿಕ್ಕೆ, ಹೊತ್ತು ನಿಲ್ಲಲಿಕ್ಕಲ್ಲ. ಕಲ್ಲು, ಇಟ್ಟಿಗೆ ಪೇರಿಸಿ ಅದರ ಮೇಲೆ ಗಾಡಿ ನಿಲ್ಲಿಸಿದವರು ಪ್ರಾಣ ಕಳೆದುಕೊಂಡಿದ್ದಾರೆ. ಈ ಮಾತಿನಲ್ಲಿ ರಾಜಿ ಇಲ್ಲ.

ಡ್ರಮ್ ಕೈಯಿಂದ ಎಳೆದರೆ ಬರುವುದು ಅಪರೂಪ. ನಡುವಿನ ತೂತು ಮತ್ತು ಆಕ್ಸಲ್ ಫ್ಲೇಂಜ್ ಸೇರುವ ಜಾಗದಲ್ಲಿ ತುಕ್ಕು ಬೆಸೆದುಕೊಂಡಿರುತ್ತದೆ. ಟೊಯೋಟಾ ಡ್ರಮ್ಮಿನ ಮುಖದಲ್ಲಿ ಮರೆ (ಥ್ರೆಡ್) ಇರುವ ಎರಡು ತೂತುಗಳಿರುತ್ತವೆ, ಅವು ಇದಕ್ಕಾಗಿಯೇ ಇರುವಂಥವು. 8 ಮಿ.ಮೀ. ಬೋಲ್ಟ್ ಎರಡನ್ನು ಹಾಕಿ, ಇದಕ್ಕೆ ಕಾಲು ಸುತ್ತು, ಅದಕ್ಕೆ ಕಾಲು ಸುತ್ತು ಎಂದು ಬಿಗಿಯುತ್ತಾ ಹೋದರೆ ಡ್ರಮ್ 'ಟಕ್' ಎಂದು ಬಿಟ್ಟುಕೊಳ್ಳುತ್ತದೆ. ಸುತ್ತಿಗೆ ಹಿಡಿಯಲೇಬೇಕಾದರೆ ಸ್ಟಡ್‌ಗಳ ನಡುವಿನ ಚಪ್ಪಟೆ ಭಾಗಕ್ಕೆ ಹೊಡೆಯಬೇಕು. ಅಂಚಿಗೆ ಹೊಡೆದರೆ ಎರಕದ ಕಬ್ಬಿಣ ಸೀಳುತ್ತದೆ.

ಕೆಲವೊಮ್ಮೆ ಡ್ರಮ್ ಒಂದು ಬೆರಳಷ್ಟು ಹೊರಬಂದು ಅಲ್ಲೇ ನಿಂತುಬಿಡುತ್ತದೆ. ಇದು ತುಕ್ಕಿನ ಕೆಲಸವಲ್ಲ. ಶೂ ತಿಂದಷ್ಟು ಜಾಗ ತಗ್ಗಾಗಿ ಡ್ರಮ್ಮಿನ ಅಂಚಿನಲ್ಲಿ ಒಂದು ದಿಂಡು ಉಳಿದಿರುತ್ತದೆ, ಹೊರಚಾಚಿದ ಶೂ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಆಗ ಗಾಡಿಯಡಿ ಹೋಗಿ, ಶೂಗಳ ಹಿಂದಿರುವ ಬ್ಯಾಕಿಂಗ್ ಪ್ಲೇಟಿನ ಕಿಂಡಿಯ ರಬ್ಬರ್ ಮುಚ್ಚಳ ತೆಗೆದು, ಒಂದು ಸ್ಕ್ರೂ ಡ್ರೈವರ್‌ನಿಂದ ಅಡ್ಜಸ್ಟರ್‌ನ ನಾಲಗೆಯನ್ನು ಸರಿಸಿ ಹಿಡಿದು ಇನ್ನೊಂದರಿಂದ ಹಲ್ಲುಚಕ್ರವನ್ನು ಹಿಂದಕ್ಕೆ ತಿರುಗಿಸಬೇಕು. ಕಣ್ಣಿಗೆ ಕಾಣದ ಜಾಗದಲ್ಲಿ ಬೆರಳ ತುದಿಯ ಅಂದಾಜಿನಲ್ಲಿ ಮಾಡುವ ಕೆಲಸ ಇದು. ಬಲ ಹಾಕಿ ಎಳೆದರೆ ಶೂ ಹಿಡಿದಿರುವ ಪಿನ್‌ಗಳು ಬಾಗುತ್ತವೆ.

ಡ್ರಮ್ ಕಳಚಿದ ಕ್ಷಣ ಕಪ್ಪು ಧೂಳು ಉದುರುತ್ತದೆ. ಊದಬಾರದು, ಬ್ರಷ್‌ನಿಂದ ಗುಡಿಸಬಾರದು, ಕಂಪ್ರೆಸರ್ ಗಾಳಿಯನ್ನಂತೂ ಹೊಡೆಯಲೇಬಾರದು. ಬಹುಕಾಲ ಲೈನರ್‌ಗಳನ್ನು ಕಲ್ನಾರಿನಿಂದ, ಅಂದರೆ ಆಸ್ಬೆಸ್ಟಾಸ್‌ನಿಂದ, ಮಾಡುತ್ತಿದ್ದರು. ಶಾಖ ತಡೆಯುವಲ್ಲಿ ಅದಕ್ಕೆ ಸಾಟಿ ಇರಲಿಲ್ಲ. ಆದರೆ ಅದರ ನವುರಾದ ಎಳೆಗಳು ಶ್ವಾಸಕೋಶ ಸೇರಿದರೆ ಹತ್ತಾರು ವರ್ಷಗಳ ನಂತರ ಕ್ಯಾನ್ಸರ್ ತರಬಲ್ಲವು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1989ರಲ್ಲಿ ಹೊರಡಿಸಿದ ನಿಷೇಧದ ಬಹುಭಾಗವನ್ನು 1991ರಲ್ಲಿ ನ್ಯಾಯಾಲಯ ರದ್ದು ಮಾಡಿತು. ಬಿಳಿ ಕಲ್ನಾರಿಗೆ ಮತ್ತೆ ನಿಷೇಧ ಬಂದದ್ದು 2024ರ ಮಾರ್ಚಿನಲ್ಲಿ. ಭಾರತದಲ್ಲಿ ಅಂಥ ಪೂರ್ಣ ನಿಷೇಧವಿಲ್ಲ. ಶೂ ಮೇಲೆ ಯಾವ ಲೈನರ್ ಇದೆಯೆಂದು ಕಣ್ಣಲ್ಲಿ ನೋಡಿ ಹೇಳಲಾಗದು, ಆದ್ದರಿಂದ ಎಲ್ಲ ಧೂಳನ್ನೂ ಕಲ್ನಾರಿನ ಧೂಳೆಂದೇ ಎಣಿಸುವುದು ಕ್ಷೇಮ. ಕೆಳಗೆ ಅಗಲವಾದ ಟ್ರೇ ಇಟ್ಟು ನೀರು ಅಥವಾ ಬ್ರೇಕ್ ಕ್ಲೀನರ್‌ನಿಂದ ಮೆಲ್ಲನೆ ತೋಯಿಸಿ ತೊಳೆದರೆ ಧೂಳು ಹಾರದೆ ಕೆಸರಾಗಿ ಇಳಿಯುತ್ತದೆ.

ಹಳೆಯ ಶೂ ಹೇಳುವುದೇನು

ಈಗ ಸ್ಪ್ರಿಂಗ್ ಬಿಚ್ಚುವ ಆತುರ ಬೇಡ; ಮೊದಲು ನೋಡಬೇಕು. ಎರಡೂ ಬದಿಯ ಚಕ್ರ ಬಿಚ್ಚಿದ್ದರೂ ಒಂದು ಬದಿಯ ಬ್ರೇಕನ್ನಷ್ಟೇ ಬಿಚ್ಚುವುದು ಅನುಭವಿಗಳ ರೂಢಿ. ಜೋಡಿಸುವಾಗ ಯಾವ ಸ್ಪ್ರಿಂಗ್ ಯಾವ ತೂತಿಗೆ ಎಂಬ ಗೊಂದಲ ಬಂದರೆ ಇನ್ನೊಂದು ಬದಿ ಕಣ್ಣೆದುರಿಗೇ ಇರುತ್ತದೆ, ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಎಂಬುದನ್ನು ಮಾತ್ರ ನೆನಪಿಡಬೇಕು. ಮೊಬೈಲಿನಲ್ಲಿ ನಾಲ್ಕು ಫೋಟೊ ತೆಗೆದಿಟ್ಟರೆ ಇನ್ನೂ ಒಳ್ಳೆಯದು.

ಲೈನರ್ ಒಂದೇ ಸಮನಾಗಿ ಸವೆದಿದ್ದರೆ ಶೂ ತನ್ನ ಬಾಳು ಬಾಳಿದೆ ಎಂದರ್ಥ. ಒಂದು ಚಕ್ರದ ಶೂ ಪೂರ್ತಿ ಸವೆದು ಇನ್ನೊಂದರದ್ದು ಹೊಸದರಂತೆ ಉಳಿದಿದ್ದರೆ ಕಾರಣ ಹುಡುಕಲೇಬೇಕು: ಪಿಸ್ಟನ್ ಕಚ್ಚಿಕೊಂಡಿರಬಹುದು, ಹ್ಯಾಂಡ್ ಬ್ರೇಕ್ ಕೇಬಲ್ ಹಿಂದಕ್ಕೆ ಬಾರದೆ ನಿಂತಿರಬಹುದು. ವೀಲ್ ಸಿಲಿಂಡರ್‌ನ ರಬ್ಬರ್ ಟೊಪ್ಪಿಗೆಯನ್ನು ಬೆರಳಿಂದ ಸ್ವಲ್ಪ ಎತ್ತಿದರೆ ಒಳಗೆ ಒಣಗಿರಬೇಕು. ಬ್ರೇಕ್ ಆಯಿಲ್ ಜಿನುಗಿದರೆ ಸಿಲಿಂಡರ್ ಹೋಯಿತು. ಡ್ರಮ್ಮಿನೊಳಗೆ ದಪ್ಪನೆಯ, ಘಾಟು ವಾಸನೆಯ ಎಣ್ಣೆ ಹರಡಿದ್ದರೆ ಅದು ಬ್ರೇಕಿನದಲ್ಲ, ಆಕ್ಸಲ್ ಸೀಲ್ ಸೋರಿ ಬಂದ ಗೇರ್ ಆಯಿಲ್. ಸೀಲ್ ಹಾಕದೆ ಹೊಸ ಶೂ ಹಾಕಿದರೆ ವಾರದಲ್ಲಿ ಅದೂ ನೆನೆಯುತ್ತದೆ. ಎಣ್ಣೆ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು, ಉಪ್ಪುಕಾಗದ ಉಜ್ಜಿ ಮತ್ತೆ ಹಾಕುವವರಿದ್ದಾರೆ. ಮೇಲೆ ಒಣಗಿದಂತೆ ಕಂಡರೂ ಕಾದಾಗ ಒಳಗಿನ ಎಣ್ಣೆ ಉಕ್ಕಿ ಬರುತ್ತದೆ, ಹಾಗೆ ಮಾಡಲೇಬಾರದು.

ಟೊಯೋಟಾ ಪಿಕಪ್‌ಗಳಿಗೆ ಇನ್ನೊಂದು ತಾಪತ್ರಯ ಇದೆ. ಹ್ಯಾಂಡ್ ಬ್ರೇಕ್ ಕೇಬಲ್ಲಿನ ಎಳೆತವನ್ನು ತಿರುಗಿಸಿ ಶೂಗೆ ಮುಟ್ಟಿಸುವ ಬೆಲ್‌ಕ್ರ್ಯಾಂಕ್ ಎಂಬ ಸಣ್ಣ ಕೀಲು ಬ್ಯಾಕಿಂಗ್ ಪ್ಲೇಟಿನ ಹಿಂದಿದೆ. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ರಾಜ್ಯಗಳಲ್ಲಿ ಅದು ತುಕ್ಕು ಹಿಡಿದು ಅಲ್ಲಾಡದಾಗುತ್ತದೆ. ಈ ಗಾಡಿಗಳಲ್ಲಿ ಶೂ ಸವೆದಂತೆ ಅಂತರ ಸರಿಹೊಂದುವುದು ಹ್ಯಾಂಡ್ ಬ್ರೇಕ್ ಎಳೆದಾಗ. ಕೀಲು ಕಚ್ಚಿಕೊಂಡರೆ ಅಡ್ಜಸ್ಟರ್ ಕೆಲಸ ನಿಲ್ಲಿಸುತ್ತದೆ, ಪೆಡಲ್ ದಿನೇ ದಿನೇ ಕೆಳಗಿಳಿಯುತ್ತದೆ. ಮಾಲೀಕ ಬ್ರೇಕ್ ಪೈಪಿನಲ್ಲಿ ಏರ್ ಸೇರಿದೆ ಎಂದುಕೊಂಡು ಅದನ್ನು ಹೊರತೆಗೆಯಲು ಮತ್ತೆ ಮತ್ತೆ ಬ್ಲೀಡ್ ಮಾಡುತ್ತಾನೆ, ದೋಷವಿರುವುದು ಬೇರೆಲ್ಲೋ. ಬೆಲ್‌ಕ್ರ್ಯಾಂಕ್ ಬಿಚ್ಚಿ, ತುಕ್ಕು ಕೆರೆದು, ಗ್ರೀಸ್ ಹಾಕಿ, ಹರಿದ ರಬ್ಬರ್ ಬೂಟ್ ಬದಲಿಸುವುದು ಶೂ ಬದಲಾವಣೆಯಷ್ಟೇ ಮುಖ್ಯ.

ಡ್ರಮ್ಮನ್ನೂ ನೋಡಬೇಕು. ನೀಲಿ ಮಚ್ಚೆಗಳಿದ್ದರೆ ಅದು ಅತಿಯಾಗಿ ಕಾದಿದೆ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೆರೆಗಳಿದ್ದರೆ ಲೇತ್‌ಗೆ ಹಾಕಿಸಬೇಕು, ಡ್ರಮ್ ಮೇಲೆ ಅಚ್ಚಾಗಿರುವ ಗರಿಷ್ಠ ವ್ಯಾಸ ಮೀರದಂತೆ. ರಿವೆಟ್ ಹೊಡೆದ ಲೈನರ್‌ಗಳಲ್ಲಿ ದಪ್ಪವನ್ನು ರಿವೆಟ್ ತಲೆಯಿಂದ ಮೇಲಕ್ಕೆ ಅಳೆಯಬೇಕು; ರಿವೆಟ್ ಡ್ರಮ್ಮಿಗೆ ತಗುಲಿದರೆ ಉಳಿಯ ಹಾಗೆ ಕೊರೆದುಬಿಡುತ್ತದೆ.

ಬಿಚ್ಚಿ ಕೂಡಿಸುವುದು

ಶೂಗಳನ್ನು ಒಳಕ್ಕೆ ಬಿಗಿಯಾಗಿ ಎಳೆದುಕೊಂಡಿರುವ ರಿಟರ್ನ್ ಸ್ಪ್ರಿಂಗ್ ಜಾರಿದರೆ ನೇರ ಮುಖಕ್ಕೆ ಸಿಡಿಯುತ್ತದೆ, ಕನ್ನಡಕ ಹಾಕದೆ ಕೈ ಇಡಬಾರದು. ಶೂವನ್ನು ಪ್ಲೇಟಿಗೆ ಒತ್ತಿ ಹಿಡಿದಿರುವ ಪಿನ್ನು, ಸ್ಪ್ರಿಂಗು, ಬಟ್ಟಲನ್ನು ಒತ್ತಿ ತೊಂಬತ್ತು ಡಿಗ್ರಿ ತಿರುಗಿಸಿದರೆ ಕಳಚುತ್ತವೆ. ಒಂದು ಕೈ ಪ್ಲೇಟಿನ ಹಿಂದೆ ಪಿನ್ನಿನ ತಲೆ ಹಿಡಿದಿರಬೇಕು. ಹೊಸ ಶೂ ಜೊತೆಗೆ ಸ್ಪ್ರಿಂಗುಗಳ ಹೊಸ ಸೆಟ್ಟನ್ನೂ ಕೊಳ್ಳುವುದು ವಾಸಿ. ಬೆಲೆ ಅಲ್ಪ, ವರ್ಷಗಟ್ಟಲೆ ಕಾದು ಆರಿ ದಣಿದ ಸ್ಪ್ರಿಂಗನ್ನು ಮತ್ತೆ ನೆಚ್ಚುವುದರಲ್ಲಿ ಅರ್ಥವಿಲ್ಲ.

ಬ್ಯಾಕಿಂಗ್ ಪ್ಲೇಟಿನಲ್ಲಿ ಶೂ ಅಂಚು ಜಾರುವ ಉಬ್ಬುಗಳಿವೆ. ಅಲ್ಲಿ ತುಕ್ಕು ಕೆರೆದು, ಹೆಚ್ಚು ಶಾಖ ತಡೆಯುವ ಗ್ರೀಸನ್ನು ತೆಳ್ಳಗೆ, ಕುಂಕುಮದ ಬೊಟ್ಟಿಟ್ಟಷ್ಟು, ಹಚ್ಚಬೇಕು. ಜಾಸ್ತಿ ಹಚ್ಚಿದರೆ ಕರಗಿ ಲೈನರ್ ಮೇಲೆ ಇಳಿಯುತ್ತದೆ. ಅಡ್ಜಸ್ಟರ್‌ನ ಮರೆಯನ್ನು ತೊಳೆದು ಕೈಯಲ್ಲೇ ಸರಾಗವಾಗಿ ತಿರುಗುವಂತೆ ಮಾಡಬೇಕು. ಎಡ ಬಲದ ಅಡ್ಜಸ್ಟರ್‌ಗಳಿಗೆ ಮರೆ ವಿರುದ್ಧ ದಿಕ್ಕಿನದು. ಅದಲುಬದಲಾದರೆ ಬಿಗಿಯಾಗಬೇಕಾದ್ದು ಪ್ರತಿ ಸಲವೂ ಸಡಿಲವಾಗುತ್ತಾ ಹೋಗುತ್ತದೆ. ಒಂದೊಂದೇ ಬದಿ ಬಿಚ್ಚುವ ರೂಢಿಯ ಇನ್ನೊಂದು ಲಾಭ ಇದು.

ಶೂ ಕೊಳ್ಳುವಾಗ ಲೈನರ್ ಅಂಚಿನಲ್ಲಿರುವ ಎರಡು ಅಕ್ಷರ ನೋಡಬೇಕು. ಮೊದಲನೆಯದು ತಣ್ಣಗಿರುವಾಗಿನ ಹಿಡಿತ, ಎರಡನೆಯದು ಕಾದಾಗಿನದು. 'ಇ' ಎಂದರೆ ಘರ್ಷಣಾಂಕ 0.25ರಿಂದ 0.35, 'ಎಫ್' ಎಂದರೆ 0.35ರಿಂದ 0.45. ಡಬ್ಬದ ಮೇಲಿನ ಎಲೆಗಳ ಗುರುತಿಗೂ ಅರ್ಥವಿದೆ. ಲೈನರ್‌ನಿಂದ ಉದುರುವ ತಾಮ್ರ ಮಳೆನೀರಿನಲ್ಲಿ ಹರಿದು ಹೊಳೆಯ ಸಾಲ್ಮನ್ ಮೀನುಗಳಿಗೆ ಕುತ್ತು ತರುತ್ತದೆಂದು ಕ್ಯಾಲಿಫೋರ್ನಿಯ, ವಾಷಿಂಗ್ಟನ್ ರಾಜ್ಯಗಳು 2010ರಲ್ಲಿ ಕಾನೂನು ತಂದವು. ಅದರಂತೆ 2021ರಲ್ಲಿ ತಾಮ್ರದ ಮಿತಿ ಶೇ. 5ಕ್ಕೆ, 2025ರಲ್ಲಿ ಶೇ. 0.5ಕ್ಕೆ ಇಳಿಯಿತು.

ಹೊಸ ಡ್ರಮ್ ಆದರೆ ತುಕ್ಕು ತಡೆಯಲು ಸವರಿದ ಎಣ್ಣೆಯನ್ನು ತೊಳೆದೇ ಹಾಕಬೇಕು. ಡ್ರಮ್ ಕೂರಿಸಿ ತಿರುಗಿಸಿದಾಗ ಶೂ ಎಲ್ಲೆಡೆ ಸಣ್ಣಗೆ ಸವರಿದ ಸದ್ದು ಬರುವಂತೆ ಹಲ್ಲುಚಕ್ರ ಹೊಂದಿಸಬೇಕು. ನಟ್‌ಗಳನ್ನು ಎದುರುಬದುರಾಗಿ ಬಿಗಿದು, ಕೊನೆಗೆ ಟಾರ್ಕ್ ಪಾನಾದಿಂದ, ಈ ಟಕೋಮಾಗೆ 113 ನ್ಯೂಟನ್ ಮೀಟರ್‌ಗೆ ತರಬೇಕು. ಸಿಲಿಂಡರ್ ಬದಲಿಸಿದ್ದರೆ ಏರ್ ತೆಗೆಯಬೇಕು. ಇಲ್ಲಿ ಹೆಸರೇ ದಾರಿ ತಪ್ಪಿಸುತ್ತದೆ: ಬ್ರೇಕ್ ಆಯಿಲ್ ಎಂದು ಕರೆಯುವುದು ಎಣ್ಣೆಯಲ್ಲ. ಎಂಜಿನ್ ಆಯಿಲ್‌ನ ಹನಿ ಅದರಲ್ಲಿ ಬಿದ್ದರೂ ರಬ್ಬರ್ ಸೀಲುಗಳು ಊದಿ ಕೆಡುತ್ತವೆ. ಅದು ಗಾಳಿಯ ತೇವವನ್ನೂ ಹೀರುತ್ತದೆ. ಡಾಟ್ 3 ದರ್ಜೆಯದಕ್ಕೆ ಹೊಸತರಲ್ಲಿ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕಾದ ಕುದಿಬಿಂದು ತೇವ ಕುಡಿದ ಮೇಲೆ 140ಕ್ಕೆ ಇಳಿಯಬಹುದು.

ಘಟ್ಟ ಇಳಿಯುವ ಗಾಡಿಗಳು

ಕರ್ನಾಟಕದ ರಸ್ತೆಗಳಲ್ಲೂ ಇದೇ ಯಂತ್ರ ದುಡಿಯುತ್ತಿದೆ. ಕೋಲಾರದ ಟೊಮೆಟೊ ಕ್ರೇಟ್ ಹೊರುವ ಬೊಲೆರೊ ಪಿಕಪ್, 2005ರಲ್ಲಿ ಬಂದ ಟಾಟಾ ಏಸ್, 2022ರಲ್ಲಿ ಭಾರತಕ್ಕೆ ಕಾಲಿಟ್ಟ ಟೊಯೋಟಾ ಹೈಲಕ್ಸ್, ಎಲ್ಲಕ್ಕೂ ಹಿಂದೆ ಡ್ರಮ್ಮೇ. ಚಾರ್ಮಾಡಿಯನ್ನೋ ಶಿರಾಡಿಯನ್ನೋ ಭಾರ ಹೊತ್ತು ಇಳಿಯುವಾಗ ಡ್ರಮ್ ಹಿಗ್ಗಿ ಬ್ರೇಕ್ ಹಿಡಿಯದಾಗುವುದು ಏನೆಂದು ಹಳೆಯ ಚಾಲಕರಿಗೆ ಗೊತ್ತು. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂಬ ಅವರ ಪಾಠ ಈ ಭೌತಶಾಸ್ತ್ರದ್ದೇ. ಆದರೆ ಇಲ್ಲಿ ಶೂ ಕೆಲಸ ನಡೆಯುವುದು ಮನೆಯಂಗಳದಲ್ಲಲ್ಲ, ರಸ್ತೆ ಬದಿಯ ಗ್ಯಾರೇಜಿನಲ್ಲಿ. ಬಿಡಿಭಾಗ ಬೇಕಾದರೆ ಬೆಂಗಳೂರಿನ ಜೆ.ಸಿ. ರಸ್ತೆ. ಗಾಡಿಯನ್ನೇ ನೆಚ್ಚಿ ಬದುಕುವ ಮಾಲೀಕ ಕಂ ಚಾಲಕರು ಪಕ್ಕದಲ್ಲಿ ನಿಂತು ಡ್ರಮ್ ತೆಗೆದಾಗ ಒಳಗೇನಿದೆ ಎಂದು ತಾವೇ ಬಗ್ಗಿ ನೋಡುವುದು ಒಳ್ಳೆಯ ಅಭ್ಯಾಸ. ಗಾಳಿ ಹೊಡೆಯುವ ಪೈಪ್ ಎತ್ತಿಕೊಂಡ ಹುಡುಗನಿಗೆ ಬೇಡ ಎನ್ನುವ ಹಕ್ಕೂ ಅವರಿಗಿದೆ.

ಎಲ್ಲೇ ಮಾಡಿದರೂ, ಕೆಲಸ ಮುಗಿದ ಮೇಲೆ ಎಂಜಿನ್ ಚಾಲೂ ಮಾಡಿ, ಗಾಡಿ ಕದಲಿಸುವ ಮುಂಚೆ, ಪೆಡಲ್ ಗಟ್ಟಿಯಾಗುವವರೆಗೆ ತುಳಿಯಬೇಕು. ಮೊದಲ ತುಳಿತಕ್ಕೆ ಅದು ನೆಲ ಮುಟ್ಟಬಹುದು. ಆಮೇಲೆ ಖಾಲಿ ರಸ್ತೆಯಲ್ಲಿ ಮಧ್ಯಮ ವೇಗದಿಂದ ಹದವಾಗಿ ಹತ್ತಾರು ಸಲ ನಿಧಾನಿಸಿ, ನಡುನಡುವೆ ಆರಲು ಬಿಡುತ್ತಾ ಲೈನರನ್ನು ಡ್ರಮ್ಮಿಗೆ ಪಳಗಿಸಬೇಕು. ಡ್ಯುಯೊ ಸರ್ವೊ ಇರುವ ಅಮೆರಿಕನ್ ಪಿಕಪ್‌ಗಳಲ್ಲಿ ರಿವರ್ಸ್‌ನಲ್ಲಿ ಹೋಗಿ ಬ್ರೇಕ್ ಹಾಕಿದಾಗ ಅಡ್ಜಸ್ಟರ್ ಒಂದೊಂದೇ ಹಲ್ಲು ಮುಂದೆ ಸರಿಯುತ್ತದೆ. ಟಕೋಮಾದಲ್ಲಿ ಹ್ಯಾಂಡ್ ಬ್ರೇಕನ್ನು ಮೇಲಿಂದ ಮೇಲೆ ಎಳೆದು ಬಿಟ್ಟರೆ ಒಳಗಿನಿಂದ ಸಣ್ಣ 'ಕ್ಲಿಕ್' ಕೇಳಿಸುತ್ತದೆ. ಆ ಸದ್ದು ನಿಂತಿತೆಂದರೆ ಅಂತರ ಸರಿಹೋಯಿತು. ಕಳಚಿದ ಹಳೆ ಶೂಗಳನ್ನು ಅಮೆರಿಕದ ಅನೇಕ ಅಂಗಡಿಗಳು ಠೇವಣಿ ಹಣ ಮರಳಿಸಿ ವಾಪಸ್ ಪಡೆಯುತ್ತವೆ, ಉಕ್ಕಿನ ಕಮಾನಿಗೆ ಸವೆತವಿಲ್ಲವಲ್ಲ. ನಮ್ಮ ಊರುಗಳಲ್ಲಿ ಅದೇ ಕಮಾನು ಲೈನರ್ ಹೊಡೆಯುವ ಅಂಗಡಿ ಸೇರಿ, ಹಳೆ ರಿವೆಟ್ ಕಿತ್ತು ಹೊಸ ಲೈನರ್ ಹೊತ್ತು, ಇನ್ನೊಂದು ಗಾಡಿಯ ಡ್ರಮ್ಮಿನೊಳಗೆ ಹೋಗುತ್ತದೆ.